ಚಕ್ಕುಲಿಗೆ ಬೇಕಾದ ಕೈ

ನಾನು ಜಿರಲೆಗೆ ಹೆದರುವವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ನಾಲ್ಕು ಅಡಿ ಉದ್ದದ ಹೆಬ್ಬಾವನ್ನು ದಿನವೂ ಕೈಗೆತ್ತಿಕೊಳ್ಳುವ ಈ ಮನುಷ್ಯ ಗಂಡೆದೆಯವನೇ ಇರಬೇಕು ಎಂದು ನೀವು ತಪ್ಪು ತಿಳಿದೀರಿ. ಬಚ್ಚಲಿನಲ್ಲಿ ಒಂದು ಮೀಸೆ ಅಲ್ಲಾಡಿದರೆ ಸಾಕು, ನಾನು ಸೋಪಿನ ನೊರೆಯ ಸಮೇತ ಹೊರಗೆ ಬಂದು ಹೆಂಡತಿಯನ್ನು ಕೂಗುತ್ತೇನೆ. ವತ್ಸಲಾ ಪೊರಕೆ ಹಿಡಿದು ಒಳಗೆ ಹೋಗುತ್ತಾಳೆ. ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಈ ಏರ್ಪಾಟು ಬದಲಾಗಿಲ್ಲ.

ಹಾವು ನನ್ನದಲ್ಲ, ನನ್ನ ತಮ್ಮ ಸೀನುವಿನದು. ಗಾಂಧಿ ಬಜಾರಿನ ಪಕ್ಕದ ಗಲ್ಲಿಯಲ್ಲಿ ಅವನಿಗೊಂದು ಬಣ್ಣದ ಮೀನಿನ ಅಂಗಡಿ ಇತ್ತು. ನಮ್ಮಪ್ಪ ಅದೇ ಬಜಾರಿನಲ್ಲಿ ಸೊಪ್ಪು ತರಕಾರಿ ಮಾರಿ ನಮ್ಮಿಬ್ಬರನ್ನೂ ಓದಿಸಿದವರು. ಕಿರಿಮಗ ಮೀನು ಮಾರುತ್ತೇನೆ ಎಂದಾಗ ಅವರು ತಿನ್ನುವ ಮೀನೋ ನೋಡುವ ಮೀನೋ ಎಂದು ಕೇಳಿ, ನೋಡುವ ಮೀನು ಎಂದು ತಿಳಿದ ಮೇಲೆ ಎರಡು ದಿನ ಮಾತು ಬಿಟ್ಟಿದ್ದರು. ಸೀನು ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಚಾಮರಾಜಪೇಟೆಯ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಅವನು, ಕೆಳಗೆ ನಾವು ಮತ್ತು ಅಮ್ಮ. ಊರು ಬಿಟ್ಟು ಹೊರಟ ಗಿರಾಕಿಯೊಬ್ಬರು ಒಂದು ದಿನ ಅವನ ಅಂಗಡಿಗೆ ಬಂದು, ಮೀನು ಕೊಳ್ಳುವುದರ ಬದಲು ತಮ್ಮ ಹಾವನ್ನು ಅವನಿಗೇ ಒಪ್ಪಿಸಿ ಹೋದರು.

ನಮ್ಮ ನಾಡಿನ ಹಾವನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಇದು ಆಫ್ರಿಕದ ಕಡೆಯದು, ಬಾಲ್ ಪೈಥಾನ್. ವಿಷವಿಲ್ಲ. ಹೆದರಿದರೆ ಮೈಯನ್ನೆಲ್ಲ ಸುತ್ತಿ, ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಉಂಡೆಯಾಗುತ್ತದೆ. ಸೀನು ಅದರ ಕಾಗದಪತ್ರಗಳನ್ನು ಕ್ರಮವಾಗಿ ಮಾಡಿಸಿ, ತನ್ನ ಕೋಣೆಯಲ್ಲಿ ಮುಂದಕ್ಕೆ ಜಾರುಬಾಗಿಲಿರುವ ಗಾಜಿನ ಮನೆಯೊಂದನ್ನು ಕಟ್ಟಿ, ಚಕ್ಕುಲಿ ಎಂದು ಹೆಸರಿಟ್ಟ. ಸಂಜೆ ಅಂಗಡಿಯಿಂದ ಬಂದವನೇ ಅದನ್ನು ಎತ್ತಿ ಕೊರಳಿಗೆ ಹಾಕಿಕೊಂಡು ಟೀವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದ. ಅದು ಅವನ ಹೆಗಲ ಮೇಲೆ ಶಲ್ಯದಂತೆ ಬಿದ್ದಿರುತ್ತಿತ್ತು. ಒಂದು ದಿನವೂ ಬುಸ್ ಎಂದದ್ದನ್ನು ನಾವ್ಯಾರೂ ಕೇಳಿರಲಿಲ್ಲ.

ಹೋದ ವರ್ಷ ಕಾರ್ತಿಕದಲ್ಲಿ ಸೀನು ಹೋಗಿಬಿಟ್ಟ. ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ನಲವತ್ತೇಳು ವರ್ಷ. ಒಂದು ವಾರದಿಂದ ಎದೆ ನೋಯುತ್ತಿದೆ ಎಂದು ಪಕ್ಕದ ಹೂವಿನಂಗಡಿಯವರಿಗೆ ಹೇಳಿದ್ದನಂತೆ. ಅಮ್ಮ ಗಾಬರಿಯಾಗುತ್ತಾರೆ ಎಂದು ಮನೆಯಲ್ಲಿ ಹೇಳಿರಲಿಲ್ಲ. ಇದರ ಬಗ್ಗೆ ಹೆಚ್ಚು ಬರೆಯಲಾರೆ. ಮೀನುಗಳನ್ನು ಅವನ ಕಸುಬಿನ ಸ್ನೇಹಿತರು ಹಂಚಿಕೊಂಡರು. ಉಳಿದದ್ದು ಚಕ್ಕುಲಿ.

ಅಮ್ಮನಿಗೆ ಎಪ್ಪತ್ತೆಂಟು. ಮಂಡಿ ನೋವು. ಮಹಡಿ ಹತ್ತಲಾರದ ಅವರು ಹಾವನ್ನು ಕೆಳಗೆ ತಂದಿಡಲು ಹೇಳಿದರು. ನಾನೂ ವತ್ಸಲಾಳೂ ಆ ಗಾಜಿನ ಮನೆಯನ್ನು ಹೊತ್ತು ತಂದು ನಡುಮನೆಯಲ್ಲಿ, ದೇವರ ಗೂಡಿನ ಪಕ್ಕಕ್ಕೆ ಇಟ್ಟೆವು. ಅಲ್ಲಿ ಮಾತ್ರ ಅಷ್ಟಗಲ ಜಾಗವಿತ್ತು. ಸೀನು ಹೋದ ಮೇಲೆ ಅಮ್ಮ ಹಾಸಿಗೆ ಬಿಟ್ಟು ಏಳುವುದನ್ನೇ ನಿಲ್ಲಿಸಿದ್ದರು. ಹಾವು ಕೆಳಗೆ ಬಂದ ಮಾರನೆಯ ದಿನ ಎದ್ದರು, ಸ್ನಾನ ಮಾಡಿದರು, ಅದರ ಮುಂದೆ ಮಣೆ ಹಾಕಿಕೊಂಡು ಕುಳಿತರು. ಅವತ್ತು ಒಂದು ದೋಸೆಯನ್ನೂ ತಿಂದರು. ಆ ದೋಸೆಯ ಋಣಕ್ಕಾಗಿ ನಾನು ಆ ಹಾವಿನ ಸೇವೆಗೆ ನಿಂತೆ.

ಅಮ್ಮ ಅದನ್ನು ಒಂದು ಸಲವೂ ಚಕ್ಕುಲಿ ಎಂದು ಕರೆದವರಲ್ಲ. ಅವರಿಗೆ ಅದು ನಮ್ಮಪ್ಪ, ಸ್ವಾಮಿ, ಕೆಲವು ಸಲ ಬರಿಯ ಮಗ. ನಮ್ಮದು ಮಾಂಸ ತಿನ್ನುವ ಮನೆಯೇ, ಆದರೆ ಸೋಮವಾರ ಶನಿವಾರ ಇಲ್ಲ, ಶ್ರಾವಣ ಪೂರ್ತಿ ಇಲ್ಲ. ಈ ನೇಮ ಹಾವಿಗೂ ಅನ್ವಯಿಸಿತು. ಮಹಡಿಯ ಪುಟ್ಟ ಫ್ರಿಜ್ಜಿನಲ್ಲಿ ಸೀನು ಹೆಪ್ಪುಗಟ್ಟಿಸಿ ಇಟ್ಟಿದ್ದ ಸತ್ತ ಇಲಿಗಳ ಮಂಜು ಕರಗಿಸಿ, ಎರಡು ವಾರಕ್ಕೊಮ್ಮೆ ಭಾನುವಾರ ಸಂಜೆ, ಉದ್ದನೆಯ ಚಿಮಟದಲ್ಲಿ ಹಿಡಿದು ಕೊಡುವುದು ನನ್ನ ಕೆಲಸ. ಶ್ರಾವಣದಲ್ಲಿ ಅಮ್ಮ ಅದಕ್ಕೂ ರಜೆ ಕೊಡಿಸಿದರು. ಈ ಜಾತಿಯ ಹಾವು ತಿಂಗಳುಗಟ್ಟಲೆ ಉಪವಾಸವಿರಬಲ್ಲದು ಎಂದು ನಾನು ಓದಿಕೊಂಡಿದ್ದರಿಂದ ಸುಮ್ಮನಿದ್ದೆ. ಮನೆಯಲ್ಲಿ ಇಷ್ಟು ನಿಷ್ಠೆಯಿಂದ ವ್ರತ ಹಿಡಿದವರು ಬೇರೆ ಯಾರೂ ಇಲ್ಲವೆಂದು ಅಮ್ಮ ನನ್ನ ಕಡೆ ನೋಡಿ ಹೇಳಿದರು.

ಊಟ ಕೊಡುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಕೈಗೆತ್ತಿಕೊಳ್ಳುವುದು. ಸಾಕಿದ ಹಾವನ್ನು ಆಗಾಗ ಎತ್ತದಿದ್ದರೆ ಅದಕ್ಕೆ ಮನುಷ್ಯರ ರೂಢಿ ತಪ್ಪುತ್ತದೆ. ಗೂಡು ತೊಳೆಯುವುದಕ್ಕಾದರೂ ಎತ್ತಲೇಬೇಕು. ನಾನು ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಮನಸ್ಸನ್ನು ಗಟ್ಟಿ ಮಾಡಿಕೊಂಡು, ಗಾಜು ಸರಿಸಿ ಕೈ ಹಾಕಿದೆ. ಅದು ಕತ್ತನ್ನು ಹಿಂದಕ್ಕೆಳೆದು, ಮುಂದೇನಾಯಿತೆಂದು ನನಗೆ ಕಾಣುವ ಮೊದಲೇ ಹೆಬ್ಬೆರಳಿನ ಬುಡವನ್ನು ಕಚ್ಚಿ ಬಿಟ್ಟಿತ್ತು. ನೋವಿಗಿಂತ ಅವಮಾನ ಜಾಸ್ತಿ. ಗುಲಾಬಿ ಮುಳ್ಳು ತರಚಿದಷ್ಟು ರಕ್ತ ಬಂತು. ಮುಂದಿನ ಕೆಲವು ತಿಂಗಳಲ್ಲಿ ಅದು ನನ್ನನ್ನು ಇನ್ನೂ ನಾಲ್ಕು ಸಲ ಕಚ್ಚಿತು, ಕಚ್ಚದ ದಿನಗಳಲ್ಲಿ ಕಚ್ಚಲು ಬಂದಿತು. ಸೀನುವಿನ ಹೆಗಲ ಮೇಲೆ ಶಲ್ಯವಾಗಿದ್ದ ಪ್ರಾಣಿ ಇದೇ ಎಂದು ನಂಬುವುದು ಕಷ್ಟವಾಯಿತು.

ತಪ್ಪು ಹುಡುಕುವುದು ನನ್ನ ವೃತ್ತಿ. ಅವೆನ್ಯೂ ರಸ್ತೆಯ ಪ್ರಕಾಶಕರೊಬ್ಬರಿಗೆ ನಾನು ಶಾಲಾ ಪುಸ್ತಕಗಳ ಕರಡು ತಿದ್ದುತ್ತೇನೆ. ಮೂವತ್ತು ವರ್ಷದಿಂದ ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆದು ಬದುಕಿರುವವನಿಗೆ ಒಂದು ಹಾವಿನ ತಪ್ಪು ಸಿಕ್ಕದೆ ಹೋದೀತೆ? ಮೊದಲು ನಿಘಂಟು ತೆಗೆದೆ. ನನ್ನಂಥವರು ಮನೆಗೆ ಬೆಂಕಿ ಬಿದ್ದರೂ ಮೊದಲು ನಿಘಂಟು ತೆಗೆಯುತ್ತಾರೆ. ಹಿರಿಯರು ಹಾವಿಗೆ ಎಷ್ಟೊಂದು ಹೆಸರಿಟ್ಟಿದ್ದಾರೆ! ಎದೆಯಿಂದ ಹರಿಯುವುದರಿಂದ ಉರಗ. ಕಿವಿಯಿಲ್ಲದೆ ಕಣ್ಣಿನಿಂದಲೇ ಕೇಳುತ್ತದೆಂದು ನಂಬಿ ಚಕ್ಷುಶ್ರವ. ಗಾಳಿ ತಿಂದು ಬದುಕುತ್ತದೆಂದು ಪವನಾಶನ. ಶ್ರಾವಣದ ಚಕ್ಕುಲಿಯನ್ನು ನೋಡಿ ಈ ಕೊನೆಯ ಹೆಸರು ಇಟ್ಟಿರಬೇಕು. ಅದು ಕಚ್ಚದಂತೆ ಮಾಡುವುದು ಹೇಗೆಂಬ ಮಾತು ಮಾತ್ರ ನಿಘಂಟಿನಲ್ಲಿರಲಿಲ್ಲ.

ಆಮೇಲೆ ಫೋನಿನಲ್ಲಿ ಹುಡುಕಿದೆ. ಇಲಿಯ ವಾಸನೆ ಇರಬಾರದು, ಕೈ ತೊಳೆಯಬೇಕು ಎಂದಿತ್ತು. ಚರ್ಮ ಸುಲಿಯುವಷ್ಟು ತೊಳೆದೆ. ಉಟ್ಟ ಬಟ್ಟೆಯನ್ನು ಗೂಡಿನಲ್ಲಿಟ್ಟರೆ ನಿಮ್ಮ ವಾಸನೆಗೆ ಒಗ್ಗುತ್ತದೆ ಎಂದಿತ್ತು. ನನ್ನ ಬನಿಯನ್ ಇಟ್ಟೆ. ಚಕ್ಕುಲಿ ಅದರಿಂದ ಸಾಧ್ಯವಾದಷ್ಟು ದೂರದ ಮೂಲೆಗೆ ಹೋಗಿ ಕುಳಿತಿತು. ಎರಡು ದಿನ ಬಿಟ್ಟು ಅಮ್ಮ ನನ್ನ ಬನಿಯನ್ ತೆಗೆಸಿ, ಒಗೆಯದೆ ಎತ್ತಿಟ್ಟಿದ್ದ ಸೀನುವಿನ ಒಂದು ಶರಟನ್ನು ಒಳಗಿಟ್ಟರು. ಚಕ್ಕುಲಿ ನಿಧಾನವಾಗಿ ಬಂದು, ಶರಟಿನ ಸುತ್ತ ಒಂದು ಸಲ ಹರಿದು, ತೋಳಿನೊಳಗೆ ಹೋಗಿ ಮಲಗಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ, ಆದರೆ ಒಳಗೊಳಗೆ ನನಗೆ ಹೊಟ್ಟೆಕಿಚ್ಚು ಕೂಡ ಆಯಿತು. ಐವತ್ತಮೂರನೆಯ ವಯಸ್ಸಿನಲ್ಲಿ, ಸತ್ತ ತಮ್ಮನ ಮೇಲೆ, ಒಂದು ಹಾವಿನ ವಿಷಯಕ್ಕೆ!

ವತ್ಸಲಾ ಇದನ್ನೆಲ್ಲ ನೋಡುತ್ತಿದ್ದಳು. ಅವಳು ಹಾವಿಗೆ ಹೆದರುವವಳಲ್ಲ; ಅಮ್ಮನಿಗಾಗಿ ಹೆದರಿದಳು. ಅಮ್ಮ ದಿನವೂ ಅದರ ಎದುರಿಗೇ ಕೂರುತ್ತಾರೆ, ಒಂದು ದಿನ ಮುಖಕ್ಕೆ ಹಾರಿದರೆ ಏನು ಗತಿ ಎಂಬುದು ಅವಳ ಪ್ರಶ್ನೆ. ಸೀನುವಿನ ಸ್ನೇಹಿತರ ಮೂಲಕ ಮೈಸೂರಿನಲ್ಲಿ ಇಂಥ ಹಾವುಗಳನ್ನು ಸಾಕುವ ಒಬ್ಬರನ್ನು ಅವಳೇ ಪತ್ತೆ ಮಾಡಿ ಮಾತಾಡಿದ್ದಳು. “ಸೀನು ವರ್ಷದ ತಿಥಿ ಆಗೋಷ್ಟರಲ್ಲಿ ಅದು ಸರಿಹೋಗ್ಲಿಲ್ಲ ಅಂದ್ರೆ ಕೊಟ್ಬಿಡೋಣ ರೀ” ಎಂದಳು. ತಿಥಿಗೆ ಆಗ ಒಂದೂವರೆ ತಿಂಗಳಿತ್ತು. ಅವಳ ಮಾತಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಆದರೆ ಆ ಗಾಜಿನ ಮನೆ ಖಾಲಿಯಾದ ಮಾರನೆಯ ದಿನ ಅಮ್ಮ ಮತ್ತೆ ಹಾಸಿಗೆಯಿಂದ ಏಳುವುದಿಲ್ಲ ಎಂಬುದೂ ಇಬ್ಬರಿಗೂ ಗೊತ್ತಿತ್ತು.

ಕೊನೆಗೆ ಮಲ್ಲೇಶ್ವರದಿಂದ ಶಾಂಭವಿ ಎಂಬ ಪಶುವೈದ್ಯೆಯನ್ನು ಕರೆಸಿದೆ. ಆಮೆ, ಹಾವು, ಗಿಳಿಗಳನ್ನು ನೋಡುವ ಹುಡುಗಿ. ಸೀನುವನ್ನು ಬಲ್ಲವಳು. ಬೆಳಿಗ್ಗೆಯೇ ಬಂದಳು. ಚಕ್ಕುಲಿಯ ಬಾಯಿ, ಚರ್ಮ ನೋಡಿ, ಆರೋಗ್ಯ ಚೆನ್ನಾಗಿದೆ ಎಂದಳು. ಶರಟಿನ ಕಥೆಯನ್ನು ನಾನು ಗದ್ಗದನಾಗಿ ಹೇಳಿದೆ. ಹಾವಿಗೆ ಇಕ್ಕಟ್ಟಾದ ಜಾಗ ಇಷ್ಟ, ಅದಕ್ಕೇ ತೋಳಿಗೆ ಹೋಗಿದೆ, ನಿಮ್ಮ ಬನಿಯನ್ನಿಗೆ ತೋಳಿಲ್ಲವಲ್ಲ ಎಂದಳು. ಹತ್ತು ದಿನದ ಹೊಟ್ಟೆಕಿಚ್ಚು ಒಂದೇ ವಾಕ್ಯದಲ್ಲಿ ಇಳಿಯಿತು. ಆಮೇಲೆ ಅವಳು ಒಂದು ಮೂಲೆಯಲ್ಲಿ ಕುಳಿತು, ನಾನು ಇಲ್ಲಿಲ್ಲ ಎಂದುಕೊಂಡು ದಿನಾ ಏನು ಮಾಡುತ್ತೀರೋ ಅದನ್ನೇ ಮಾಡಿ ಎಂದಳು.

ದಿನಾ ಮಾಡುವುದನ್ನೇ ಮಾಡಿದೆವು. ಅಮ್ಮ ದೇವರಿಗೆ ಆರತಿ ಎತ್ತಿದರು. ನಾನು ಪಕ್ಕದಲ್ಲಿ ಗಂಟೆ ಬಾರಿಸಿದೆ. ಅಮ್ಮ ಹೊಸದಾಗಿ ಎರಡು ಕರ್ಪೂರ ಹಾಕಿ ಚಕ್ಕುಲಿಯ ಕಡೆ ತಿರುಗಿದರು. ಗಾಜಿನ ಬಾಗಿಲನ್ನು ನಾಲ್ಕು ಬೆರಳಿನಷ್ಟು ಸರಿಸಿದರು, ಗುಡಿಯಲ್ಲಿ ಆರತಿಯ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆಯೆ? ಕಣ್ಣು ಮುಚ್ಚಿ, ಮೂರು ಸುತ್ತು ಆರತಿ ಬೆಳಗಿದರು. ನಾನೂ ಕಣ್ಣು ಮುಚ್ಚಿ ಇನ್ನೂ ಜೋರಾಗಿ ಗಂಟೆ ಬಾರಿಸಿದೆ. ಆಮೇಲೆ ತಟ್ಟೆಯನ್ನು ನನ್ನ ಮುಂದೆ ಹಿಡಿದರು. ನಾನು ಎರಡೂ ಅಂಗೈಯನ್ನು ಉರಿಯ ಮೇಲೆ ಚೆನ್ನಾಗಿ ಕಾಯಿಸಿ ಕಣ್ಣಿಗೊತ್ತಿಕೊಂಡು, ಭಕ್ತಿಯಿಂದ, ಅದೇ ಕೈಯನ್ನು ಗಾಜಿನ ಮನೆಯ ಕಡೆ ಚಾಚಿದೆ. ಶಾಂಭವಿ ನನ್ನ ತೋಳು ಹಿಡಿದು ನಿಲ್ಲಿಸಿದಳು.

ಅಮ್ಮ ಅವಳಿಗೆ ಕಾಫಿ ತರಲು ಅಡುಗೆಮನೆಗೆ ಹೋಗುವವರೆಗೆ ಕಾದು ಮೆಲ್ಲಗೆ ಹೇಳಿದಳು. “ಸರ್, ಇದಕ್ಕೆ ತುಟಿ ಮೇಲೆ ಸಣ್ಣ ಸಣ್ಣ ಗುಳಿ ಇರತ್ತೆ. ಬಿಸಿ ಎಲ್ಲಿದೆ ಅಂತ ಅದರಲ್ಲೇ ಗೊತ್ತಾಗತ್ತೆ, ಇಲಿ ಹಿಡಿಯೋದೂ ಹಂಗೇ. ಅಜ್ಜಿ ದಿನಾ ಮೂತಿ ಮುಂದೆ ಬೆಂಕಿ ಆಡಿಸ್ತಾರೆ. ಅದು ಹೆದರಿಕೊಂಡು ಬುಸ್ ಅನ್ನತ್ತೆ, ನಿಮ್ಮ ಗಂಟೇಲಿ ಯಾರಿಗೂ ಕೇಳ್ಸಲ್ಲ. ಆಮೇಲೆ ನೀವು ಕೈ ಬಿಸಿ ಮಾಡ್ಕೊಂಡು ಒಳಗೆ ಹಾಕ್ತೀರ. ಅದಾದ್ರೂ ಇನ್ನೇನು ಮಾಡಬೇಕು ಹೇಳಿ.”

ಕರಡು ತಿದ್ದುವವರಿಗೆಲ್ಲ ಗೊತ್ತಿರುವ ಒಂದು ಸತ್ಯವಿದೆ: ತಪ್ಪು ತಪ್ಪಿಸಿಕೊಳ್ಳುವುದು ಪುಸ್ತಕದ ಒಳಗಿನ ಸಣ್ಣ ಅಕ್ಷರದಲ್ಲಲ್ಲ, ಮುಖಪುಟದ ದಪ್ಪ ಅಕ್ಷರದಲ್ಲಿ. ದಿನವೂ ಕಾಣುವುದನ್ನು ಕಣ್ಣು ಓದುವುದಿಲ್ಲ. ಇನ್ನು ನಾವಂತೂ ಆ ಹೊತ್ತಿಗೆ ಕಣ್ಣನ್ನೇ ಮುಚ್ಚುತ್ತಿದ್ದೆವು. ಹಾವಿಗೆ ಅಷ್ಟೊಂದು ಹೆಸರಿಟ್ಟ ಹಿರಿಯರು ಬಿಸಿಯನ್ನು ಕಾಣುವುದು ಎಂಬರ್ಥದ ಇನ್ನೊಂದು ಹೆಸರನ್ನೂ ಇಟ್ಟಿದ್ದರೆ ಐದು ಗಾಯ ತಪ್ಪುತ್ತಿತ್ತು. ಸೀನುವಿನ ಬಳಿ ಏಕೆ ಹಾಗೆ ಮಾಡುತ್ತಿರಲಿಲ್ಲ ಎಂದು ಕೇಳಿದೆ. ಕೇಳಿದ ಮೇಲೆ ಉತ್ತರ ನನಗೇ ಹೊಳೆಯಿತು. ಸೀನು ಆರತಿ ತೆಗೆದುಕೊಳ್ಳುವವನಲ್ಲ, ದೇವರ ಗೂಡಿನ ಕಡೆ ಸುಳಿಯುತ್ತಲೂ ಇರಲಿಲ್ಲ. ದಿನವಿಡೀ ಮೀನಿನ ತೊಟ್ಟಿಗಳಲ್ಲಿ ಕೈಯಾಡಿಸಿ ಬರುತ್ತಿದ್ದ. ಅವನ ಕೈ ಸದಾ ತಣ್ಣಗೆ ಇರುತ್ತಿತ್ತು. ತಟ್ಟೆ ಕೊಡುವಾಗ ಅವನ ಬೆರಳು ತಗುಲಿದರೆ ಅಮ್ಮ ಬೈಯುತ್ತಿದ್ದರು.

ಔಷಧಿ ಸುಲಭವಾಗಿತ್ತು: ಆರತಿ ನಿಲ್ಲಿಸುವುದು. ಅಮ್ಮನಿಗೆ ಅದನ್ನು ಹೇಳುವುದು ಯಾರು? ಹನ್ನೊಂದು ತಿಂಗಳಿನಿಂದ ನೀವು ಪ್ರೀತಿಯಿಂದ ಮಾಡಿದ್ದೇ ಅದನ್ನು ದಿನವೂ ಹೆದರಿಸಿದ್ದು ಎಂದು ಮಗನನ್ನು ಕಳೆದುಕೊಂಡ ತಾಯಿಗೆ ಹೇಳುವ ನಾಲಿಗೆ ನನಗಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ಕಟ್ಟಿದವರು ಇಂಥ ಮನೆಯಲ್ಲೇ ಇದ್ದಿರಬೇಕು. ಕಾರ್ತಿಕದ ಚಳಿ ಹತ್ತಿರ ಬಂತು, ಮಹಡಿ ಬೆಚ್ಚಗಿರುತ್ತದೆ, ಡಾಕ್ಟರು ಹೇಳಿದ್ದಾರೆ ಎಂದು ಸುಳ್ಳು ಹೇಳಿ ಗಾಜಿನ ಮನೆಯನ್ನು ಮತ್ತೆ ಮೇಲೆ ಸಾಗಿಸಿದೆ. ವತ್ಸಲಾ ಬೇಡ ಎಂದಳು, ನೇರವಾಗಿ ಹೇಳಿಬಿಡಿ ಎಂದಳು. ನಾನು ಬಹಳ ಉಪಾಯಗಾರನೆಂಬ ಹೆಮ್ಮೆಯಲ್ಲಿದ್ದೆ.

ಮಾರನೆಯ ಬೆಳಿಗ್ಗೆ ದೇವರಿಗೆ ಗಂಟೆ ಬಾರಿಸಿ ಬಂದು ಕರಡು ಹಿಡಿದು ಕುಳಿತಿದ್ದೆ. ಮೆಟ್ಟಿಲ ಕಡೆಯಿಂದ ಉಸ್ ಉಸ್ ಎಂದು ಏದುಸಿರು ಕೇಳಿತು. ಹೋಗಿ ನೋಡಿದರೆ ಅಮ್ಮ. ಎಡಗೈ ಗೋಡೆಗೆ ಆನಿಸಿ, ಬಲಗೈಯಲ್ಲಿ ಉರಿಯುವ ಆರತಿ ತಟ್ಟೆ ಹಿಡಿದು, ಒಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು ಸುಧಾರಿಸಿಕೊಳ್ಳುತ್ತ ಏಳನೆಯ ಮೆಟ್ಟಿಲಲ್ಲಿ ನಿಂತಿದ್ದರು. ಸೀನು ಹೋದಾಗಿನಿಂದ ಅವರು ಆ ಮೆಟ್ಟಿಲು ತುಳಿದಿರಲಿಲ್ಲ. ಸೆರಗು ಉರಿಗೆ ಒಂದು ಗೇಣು ದೂರದಲ್ಲಿತ್ತು. ನನ್ನ ಉಪಾಯ ಅಲ್ಲಿಗೆ ಮುಗಿಯಿತು.

ತಟ್ಟೆಯನ್ನು ಕೈಗೆ ತೆಗೆದುಕೊಂಡು, ಅವರನ್ನು ಮೆಟ್ಟಿಲ ಮೇಲೆಯೇ ಕೂರಿಸಿ, ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ತುಟಿಯ ಮೇಲಿನ ಗುಳಿ, ಬಿಸಿ, ಗಂಟೆಯ ಸದ್ದಿನಲ್ಲಿ ಕೇಳದ ಬುಸುಗುಟ್ಟುವಿಕೆ, ನನ್ನ ಕಾದ ಕೈ, ಮೈಸೂರಿಗೆ ಕಳಿಸುವ ಯೋಚನೆ, ನಿನ್ನೆಯ ಸುಳ್ಳು. ಹೇಳುತ್ತ ನಾನು ಕರ್ಪೂರದ ಉರಿಯನ್ನೇ ನೋಡುತ್ತಿದ್ದೆ, ಅವರ ಮುಖ ನೋಡಲಿಲ್ಲ. ಅಮ್ಮ ತಟ್ಟೆಯಲ್ಲಿದ್ದ ಸೇವಂತಿಗೆಯನ್ನು ತೆಗೆದು ಅದರಿಂದ ಉರಿಯನ್ನು ಒತ್ತಿ ಆರಿಸಿದರು.

“ನಿನ್ನೇನೇ ಹೇಳ್ಬೌದಾಗಿತ್ತಲ್ಲೋ” ಎಂದರು. “ಅವ್ವ ನೊಂದ್ಕೋತಾಳೆ ಅಂತ ಅವನೂ ಎದೆ ನೋವು ಹೇಳ್ಲಿಲ್ಲ. ನೀನೂ ಹೇಳ್ದೆ ಇದ್ರೆ ನಂಗೆ ಯಾರು ಹೇಳ್ತಾರೆ?”

ಅವರ ಮಂಡಿ ಒತ್ತುತ್ತ ಕುಳಿತೆ. ಅಮ್ಮನನ್ನು ಜೋಪಾನ ಮಾಡುತ್ತಿದ್ದೇವೆ ಎಂದುಕೊಂಡು ನಾವು ಅಣ್ಣ ತಮ್ಮ ಇಬ್ಬರೂ ಅವರನ್ನು ಒಂಟಿ ಮಾಡಿಬಿಟ್ಟಿದ್ದೆವು. ಅವತ್ತೇ ಗಾಜಿನ ಮನೆಯನ್ನು ಮತ್ತೆ ಕೆಳಗಿಳಿಸಿದೆ. ಎರಡೇ ದಿನದಲ್ಲಿ ಅದನ್ನು ಮೇಲಕ್ಕೂ ಕೆಳಕ್ಕೂ ಹೊರಿಸಿದ್ದಕ್ಕೆ ವತ್ಸಲಾ ಏನು ಹೇಳಿದಳೆಂಬುದನ್ನು ಇಲ್ಲಿ ಬರೆಯುವುದಿಲ್ಲ. ದೇವರ ಗೂಡಿನಿಂದ ದೂರ, ಕುರ್ಚಿಗಳನ್ನು ತೆಗೆದು ಜಾಗ ಮಾಡಿ ಎದುರು ಗೋಡೆಗೆ ಇಟ್ಟೆವು. ಅಮ್ಮ ಈಗ ದೇವರಿಗೆ ಮಾತ್ರ ಆರತಿ ಎತ್ತುತ್ತಾರೆ. ಚಕ್ಕುಲಿಗೆ ಗಾಜಿನ ಹೊರಗೆ ಒಂದು ಹೂವಿಟ್ಟು, ಮಣೆಯ ಮೇಲೆ ಕುಳಿತು, ಬೆಳಿಗ್ಗೆಯಿಂದ ಮನೆಯಲ್ಲಿ ಏನೇನಾಯಿತೆಂದು ಅದಕ್ಕೆ ಹೇಳುತ್ತಾರೆ. ಕಿವಿಯಿಲ್ಲದ ಪ್ರಾಣಿ ತಾಳ್ಮೆಯಿಂದ ಕೇಳುತ್ತದೆ.

ಪಳಗಿಸುವುದು ಎಂದರೆ ಹಾವಿನಲ್ಲಿ ಏನೋ ಬದಲಾವಣೆ ಮಾಡುವುದು ಎಂದು ನಾನು ತಿಳಿದಿದ್ದೆ. ಹಾವು ಇದ್ದ ಹಾಗೆಯೇ ಇದೆ, ತಿದ್ದಬೇಕಾದ ಕರಡು ನಾನೇ ಆಗಿದ್ದೆ. ಶಾಂಭವಿ ಹೇಳಿಕೊಟ್ಟಂತೆ ಕೈಯನ್ನು ಮೇಲಿನಿಂದ ತರದೆ ಪಕ್ಕದಿಂದ ತಂದೆ. ಮೊದಲು ಒಂದು ಕಡ್ಡಿಯಿಂದ ಮೈ ಮುಟ್ಟಿ, ಇದು ಊಟದ ಹೊತ್ತಲ್ಲ ಎಂದು ತಿಳಿಸಿದೆ. ಬೆಳಗಿನ ಬದಲು ಸಂಜೆಗೆ ಹೊತ್ತು ಬದಲಿಸಿದೆ. ಮೊದಲ ವಾರ ಅದು ಉಂಡೆಯಾಯಿತು. ಎರಡನೆಯ ವಾರ ಉಂಡೆಯ ನಡುವಿನಿಂದ ತಲೆ ಹೊರಬಂತು. ಮೂರನೆಯ ವಾರ ಮುಂಗೈಗೆ ಸುತ್ತಿಕೊಂಡು, ನಾಲಿಗೆ ಆಡಿಸುತ್ತ ನನ್ನ ಮೊಣಕೈವರೆಗೆ ಬಂತು. ಭಯದಿಂದ ನನಗೆ ಬೆವರು ಇಳಿಯುತ್ತಿತ್ತು, ಸಂತೋಷದಿಂದ ಕಣ್ಣೀರೂ ಬಂತು.

ಮೊನ್ನೆ ಸೀನುವಿನ ತಿಥಿಯಾಯಿತು. ಎಡೆ ಇಟ್ಟು, ಬಂದವರೆಲ್ಲ ಉಂಡು ಹೋದ ಮೇಲೆ, ಸಂಜೆ ಅಮ್ಮ ಚಕ್ಕುಲಿಯನ್ನು ಹತ್ತಿರ ತರಲು ಹೇಳಿದರು. ನಾನು ದಿನದಂತೆ ಬಚ್ಚಲಿಗೆ ಹೋಗಿ, ಜಿರಲೆ ಇಲ್ಲವೆಂದು ಖಾತರಿ ಮಾಡಿಕೊಂಡು, ಬಕೆಟ್ಟಿನ ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಎರಡೂ ಕೈ ಅದ್ದಿ, ಒರೆಸಿಕೊಂಡು ಬಂದೆ. ಚಕ್ಕುಲಿಯನ್ನು ಎತ್ತಿ ಅಮ್ಮನ ಮುಂದೆ ಕುಳಿತೆ. ವತ್ಸಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಮ್ಮ ಕೈ ಚಾಚಿದರು. ಹಾವಿನ ಬೆನ್ನನ್ನು ಒಂದು ಬೆರಳಿನಿಂದ ಸವರಿದರು. ಆಮೇಲೆ ಅವರ ಬೆರಳು ಹಾವನ್ನು ದಾಟಿ ನನ್ನ ಮುಂಗೈಗೆ ತಗುಲಿ ಅಲ್ಲಿಯೇ ನಿಂತಿತು. ಅವರು ನನ್ನ ಕೈಯನ್ನು ಇಡಿಯಾಗಿ ಹಿಡಿದುಕೊಂಡರು.

“ಇಂಗೇ ತಣ್ಣಗಿರ್ತಿತ್ತು ಅವನ ಕೈ” ಎಂದರು. ಬೈಯಲಿಲ್ಲ.

ಚಕ್ಕುಲಿ ನಮ್ಮಿಬ್ಬರ ಕೈಗಳ ಮೇಲೆ ಹರಿದು, ಒಂದು ಸುತ್ತು ಹಾಕಿ, ಸುಮ್ಮನೆ ಮಲಗಿತು. ಮೈಸೂರಿನವರಿಗೆ ವತ್ಸಲಾ ಅವತ್ತೇ ಫೋನ್ ಮಾಡಿ, ಬೇಡವೆಂದು ಹೇಳಿದಳು.

ಆರತಿ ಬಿಟ್ಟರೆ ಸಾಕು, ಕೈಯನ್ನು ನೀರಿನಲ್ಲಿ ಅದ್ದುವ ಅಗತ್ಯವಿಲ್ಲ ಎಂದು ಶಾಂಭವಿ ನನಗೆ ಎರಡು ಸಲ ಹೇಳಿದ್ದಾಳೆ. ಇರಬಹುದು, ಹಾವಿಗೆ ಅಗತ್ಯವಿಲ್ಲದಿರಬಹುದು. ನಾನು ದಿನಾ ಅದ್ದುತ್ತೇನೆ.